ಹಳೇ ಸೊಸೈಟಿ ಹೋಗಿ ಟವರ್ ಬಂತು: ಬೊರಿವಲಿಯ ಕರೆಂಟ್ ಬಿಲ್‌ಗೂ ಜಗತ್ತಿನ ಇಂಧನ ದಕ್ಷತೆ ನಿಯಮಗಳಿಗೂ ಏನು ಸಂಬಂಧ?

ಮುಂಬೈ: ಬೊರಿವಲಿಯಲ್ಲಿ ಈಗ ಯಾವ ಗಲ್ಲಿಗೆ ಹೋದರೂ ಒಂದೋ ತಗಡಿನ ಬೇಲಿ ಕಾಣುತ್ತದೆ, ಇಲ್ಲವೇ ಕ್ರೇನ್. 1970 ಮತ್ತು 80ರ ದಶಕದಲ್ಲಿ ಕಟ್ಟಿದ, ಲಿಫ್ಟ್ ಇಲ್ಲದ ಮೂರು–ನಾಲ್ಕು ಮಹಡಿಯ ಹೌಸಿಂಗ್ ಸೊಸೈಟಿಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಅದೇ ಜಾಗದಲ್ಲಿ ಇಪ್ಪತ್ತು ಮಹಡಿ ಮೀರಿದ ಟವರ್‌ಗಳು ಏಳುತ್ತಿವೆ. ಶಿಂಪೋಲಿ, ಬಾಭಾಯಿ, ಐ.ಸಿ. ಕಾಲೊನಿ, ಪೂರ್ವದ ದತ್ತಪಾಡಾ, ಎಲ್ಲ ಕಡೆ ಇದೇ ಕಥೆ. ಹೋಟೆಲ್ ಕೆಲಸ, ಬ್ಯಾಂಕ್ ನೌಕರಿ ಎಂದು ದಶಕಗಳ ಹಿಂದೆ ಉಡುಪಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಕನ್ನಡಿಗ, ತುಳು ಕುಟುಂಬಗಳೂ ಈ ರೀಡೆವಲಪ್‌ಮೆಂಟ್ ಸಾಲಿನಲ್ಲಿವೆ.

ಸೊಸೈಟಿಯ ಸಭೆಯಲ್ಲಿ ಬಿಲ್ಡರ್ ಮುಂದೆ ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು ಸಿಗುತ್ತದೆ? ಕಾರ್ಪಸ್ ಫಂಡ್ ಎಷ್ಟು? ಕಟ್ಟಡ ಮುಗಿಯುವ ತನಕ ಬಾಡಿಗೆ ಎಷ್ಟು ಕೊಡುತ್ತೀರಿ? ಪಾರ್ಕಿಂಗ್ ಒಂದೋ, ಎರಡೋ? ಗೋಡೆ ಯಾವುದರದ್ದು, ಪಶ್ಚಿಮದ ಕಿಟಕಿಗೆ ಸಜ್ಜಾ ಇದೆಯೇ, ಕಿಟಕಿ ಪೂರ್ತಿ ತೆರೆಯುತ್ತದೆಯೇ ಅರ್ಧವೇ ಎಂದು ಕೇಳುವವರು ಅಪರೂಪ. ಆದರೆ ಮುಂದಿನ 40–50 ವರ್ಷ ಆ ಮನೆಯ ಕರೆಂಟ್ ಬಿಲ್ ಎಷ್ಟು ಬರಬೇಕು ಎಂಬುದರ ದೊಡ್ಡ ಪಾಲು ಈ ಮೂರು ಪ್ರಶ್ನೆಗಳಲ್ಲೇ ತೀರ್ಮಾನವಾಗಿರುತ್ತದೆ.

ಜಗತ್ತಿನ ಹಲವು ಸರ್ಕಾರಗಳು ಈಗ ತಲೆಕೆಡಿಸಿಕೊಂಡಿರುವುದೂ ಇದರ ಬಗ್ಗೆಯೇ. ಬಲ್ಬ್, ಫ್ರಿಜ್, ಎಸಿಗಳನ್ನು ಹದಕ್ಕೆ ತರುವುದು ಅವುಗಳಿಗೆ ಬಹುಮಟ್ಟಿಗೆ ಗೊತ್ತಾಗಿದೆ. ಕಷ್ಟವಾಗಿರುವುದು ಕಟ್ಟಡ.

ಮುಂಬೈಗೆ ಇದು ಯಾಕೆ ತುರ್ತು?

ಬೊರಿವಲಿಯ ಬಹುತೇಕ ಮನೆಗಳಿಗೆ ಕರೆಂಟ್ ಕೊಡುವುದು ಅದಾನಿ ಎಲೆಕ್ಟ್ರಿಸಿಟಿ. 2018ರ ತನಕ ಇದು ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್ ಕೈಯಲ್ಲಿತ್ತು. ಅದಕ್ಕೂ ಹಿಂದಿನ ಹೆಸರು ಬಿಎಸ್‌ಇಎಸ್, ಹಳಬರ ಬಾಯಲ್ಲಿ ಇಂದಿಗೂ ಅದೇ. ಇದಕ್ಕೆ ವಿದ್ಯುತ್ ಒದಗಿಸಲು ಕಟ್ಟಿದ ಸ್ಥಾವರ ಇರುವುದು ಉತ್ತರಕ್ಕೆ, ಡಹಾಣುವಿನಲ್ಲಿ. 500 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ. ಇಡೀ ಮುಂಬೈಯ ಬೇಡಿಕೆ ಬೇಸಿಗೆಯಲ್ಲಿ 4,000 ಮೆಗಾವಾಟ್ ದಾಟುತ್ತದೆ. ನಗರದೊಳಗಿನ ಉತ್ಪಾದನೆ ಇದಕ್ಕೆ ಸಾಲದು, ಉಳಿದದ್ದು ಹೊರಗಿನಿಂದ ತಂತಿಯ ಮೇಲೆ ಬರಬೇಕು.

ಆ ತಂತಿಗಳು ಎಷ್ಟು ಇಕ್ಕಟ್ಟಿನಲ್ಲಿವೆ ಎಂಬುದು 2020ರ ಅಕ್ಟೋಬರ್ 12ರಂದು ಗೊತ್ತಾಯಿತು. ಪ್ರಸರಣ ಮಾರ್ಗಗಳು ಕೈಕೊಟ್ಟು ಬೆಳಗಿನ ಹೊತ್ತೇ ಲೋಕಲ್ ರೈಲುಗಳು ನಿಂತವು, ಆಸ್ಪತ್ರೆಗಳು ಜನರೇಟರ್ ಹಿಡಿದವು. ನಂತರ ಖಾರ್‌ಘರ್–ವಿಕ್ರೋಲಿ 400 ಕೆ.ವಿ. ಮಾರ್ಗ 2023ರಲ್ಲಿ ಚಾಲೂ ಆಯಿತು. ಕುಡೂಸ್‌ನಿಂದ ಆರೆಗೆ 1,000 ಮೆಗಾವಾಟ್ ತರುವ ಎಚ್‌ವಿಡಿಸಿ ಮಾರ್ಗದ ಯೋಜನೆಯನ್ನೂ ಕೈಗೆತ್ತಿಕೊಳ್ಳಲಾಯಿತು. ಸಮುದ್ರ, ಖಾಡಿ, ಕಾಂಡ್ಲಾ, ನೂರು ಚದರ ಕಿ.ಮೀ. ಮೀರಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇವೆಲ್ಲದರ ನಡುವೆ ಸಿಕ್ಕಿಕೊಂಡ ಊರಿಗೆ ಹೊಸ ತಂತಿ ಎಳೆಯುವುದು ಅಗ್ಗದ ಕೆಲಸವಲ್ಲ. ಅದರ ಖರ್ಚು ಕೊನೆಗೆ ಸೇರುವುದು ಗ್ರಾಹಕರ ಬಿಲ್‌ಗೇ. ಹೀಗಾಗಿ ಮುಂಬೈಯಲ್ಲಿ ಉಳಿಸಿದ ಒಂದು ಯೂನಿಟ್ ಎಂದರೆ ಅಷ್ಟು ಕಲ್ಲಿದ್ದಲು ಉಳಿದಂತೆ, ಅಷ್ಟರಮಟ್ಟಿಗೆ ತಂತಿಯ ಮೇಲಿನ ಹೊರೆಯೂ ಇಳಿದಂತೆ.

ಏನಿದು ಇಂಧನ ದಕ್ಷತೆ? ಜಗತ್ತು ಎಲ್ಲಿಗೆ ಬಂದಿದೆ?

ಉಳಿತಾಯ ಬೇರೆ, ದಕ್ಷತೆ ಬೇರೆ. ಫ್ಯಾನ್ ಆರಿಸಿ ಬೆವರುತ್ತ ಕೂರುವುದು ಉಳಿತಾಯ. ಅದೇ ಗಾಳಿಯನ್ನು 75 ವಾಟ್ ಬದಲು 30 ವಾಟ್‌ನಲ್ಲಿ ಪಡೆಯುವುದು ದಕ್ಷತೆ. 1973ರ ತೈಲ ಬಿಕ್ಕಟ್ಟಿನ ತನಕ ಸರ್ಕಾರಗಳಿಗೆ ಇದರ ಗೊಡವೆ ಇರಲಿಲ್ಲ. ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿ ಬೆಲೆ ಗಗನಕ್ಕೇರಿದ ಮೇಲೆ 1974ರಲ್ಲಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ (ಐಇಎ) ಹುಟ್ಟಿಕೊಂಡಿತು. ಜಪಾನ್ 1979ರಲ್ಲಿ ಇಂಧನ ಮಿತಬಳಕೆಗೆಂದೇ ಕಾಯ್ದೆ ಮಾಡಿತು. ಭಾರತದ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ, ಅದರಡಿ ಇಂಧನ ದಕ್ಷತಾ ಬ್ಯೂರೊ (ಬಿಇಇ) 2002ರಲ್ಲಿ ಶುರುವಾಯಿತು.

2023ರ ಡಿಸೆಂಬರ್‌ನಲ್ಲಿ ದುಬೈಯ ಸಿಒಪಿ28 ಹವಾಮಾನ ಸಮ್ಮೇಳನದಲ್ಲಿ ದೇಶಗಳು ಒಂದು ಗುರಿಗೆ ಒಪ್ಪಿದವು. ಇಂಧನ ದಕ್ಷತೆ ವರ್ಷಕ್ಕೆ ಸುಮಾರು 2% ಸುಧಾರಿಸುತ್ತಿದ್ದುದನ್ನು 2030ರ ಹೊತ್ತಿಗೆ ದುಪ್ಪಟ್ಟು, ಅಂದರೆ 4%ಕ್ಕೆ ಏರಿಸಬೇಕು ಎಂದು. ಮರುವರ್ಷ, 2024ರಲ್ಲಿ ಆದ ಸುಧಾರಣೆ ಐಇಎ ಅಂದಾಜಿನಂತೆ ಸುಮಾರು 1% ಮಾತ್ರ. ಒಪ್ಪಂದಕ್ಕೆ ತಲೆಯಾಡಿಸುವುದು ಸುಲಭ, ಫ್ರಿಜ್ ಬದಲಿಸುವುದು ಕಷ್ಟ ಎಂದು ಇದನ್ನು ಓದಿಕೊಳ್ಳಬಹುದು.

ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿಲ್ಲ ಎಂಬುದೂ ನಿಜ. ಅಮೆರಿಕದಲ್ಲಿ 1992ರಿಂದ ನಡೆದುಬಂದ ‘ಎನರ್ಜಿ ಸ್ಟಾರ್’ ಲೇಬಲನ್ನೇ ನಿಲ್ಲಿಸುವ ಯೋಚನೆ ಸರ್ಕಾರಕ್ಕಿದೆ ಎಂಬ ವರದಿಗಳು 2025ರಲ್ಲಿ ಬಂದವು. ಇನ್ನೊಂದೆಡೆ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಬಿಗಿಗೊಳಿಸಿ, 2030ರ ಹೊತ್ತಿಗೆ ಅಂತಿಮ ಇಂಧನ ಬಳಕೆ ಈ ಹಿಂದಿನ ಮುನ್ನಂದಾಜಿಗಿಂತ 11.7% ಕಡಿಮೆಯಾಗಬೇಕು ಎಂದು ಸದಸ್ಯ ದೇಶಗಳನ್ನು ಕಟ್ಟಿಹಾಕಿತು.

ಫ್ರಿಜ್ ಕಲಿಸಿದ ಪಾಠ

ಸರ್ಕಾರದ ನಿಯಮದಿಂದ ಕೆಲಸ ಆಗುತ್ತದೆಯೇ ಎಂದು ಅನುಮಾನ ಇರುವವರಿಗೆ ಅಮೆರಿಕದ ಫ್ರಿಜ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 1970ರ ದಶಕದ ಮೊದಲಲ್ಲಿ ಅಲ್ಲಿನ ಒಂದು ಫ್ರಿಜ್ ವರ್ಷಕ್ಕೆ ಸುಮಾರು 1,800 ಯೂನಿಟ್ ನುಂಗುತ್ತಿತ್ತು. ಮೊದಲು ಕ್ಯಾಲಿಫೋರ್ನಿಯಾ ರಾಜ್ಯ, ಆಮೇಲೆ 1987ರ ಕಾಯ್ದೆಯ ಮೂಲಕ ಇಡೀ ದೇಶ, ಇಷ್ಟಕ್ಕಿಂತ ಹೆಚ್ಚು ಕರೆಂಟ್ ತಿನ್ನುವ ಫ್ರಿಜ್ ಮಾರುವಂತಿಲ್ಲ ಎಂದು ಗೆರೆ ಎಳೆಯಿತು. ಕಂಪನಿಗಳು ಬೊಬ್ಬೆ ಹಾಕಿದವು, ಆಮೇಲೆ ಕಂಪ್ರೆಸರ್ ಸುಧಾರಿಸಿದವು, ಬಾಗಿಲಿನ ಒಳಗೆ ಒಳ್ಳೆಯ ಫೋಮ್ ತುಂಬಿದವು. ಇಂದಿನ ಫ್ರಿಜ್ ಗಾತ್ರದಲ್ಲಿ ದೊಡ್ಡದು, ಕರೆಂಟ್ ಮಾತ್ರ ಅಂದಿನ ಕಾಲು ಭಾಗದಷ್ಟು.

ಜಪಾನ್ 1998ರಲ್ಲಿ ಇನ್ನೂ ಜಾಣ ದಾರಿ ಹಿಡಿಯಿತು. ಸರ್ಕಾರಿ ಅಧಿಕಾರಿ ಕೂತು ಮಿತಿ ಊಹಿಸುವ ಬದಲು, ಮಾರುಕಟ್ಟೆಯಲ್ಲಿ ಆಗ ಸಿಗುವ ಅತ್ಯುತ್ತಮ ಮಾದರಿಯನ್ನೇ ಮುಂದಿನ ಅಳತೆಗೋಲು ಮಾಡುವ ‘ಟಾಪ್ ರನ್ನರ್’ ಪದ್ಧತಿ. ಇವತ್ತು ಒಬ್ಬನಿಗೆ ಸಾಧ್ಯವಾದದ್ದು ಕೆಲವು ವರ್ಷಗಳಲ್ಲಿ ಉಳಿದವರಿಗೂ ಸಾಧ್ಯವಾಗಬೇಕು ಎಂಬುದು ತರ್ಕ. ಹಣವಂತ ದೇಶಗಳ ಕಥೆ ಮಾತ್ರ ಅಲ್ಲ ಇದು. ಯುರೋಪಿನಿಂದ ಹಡಗಿನಲ್ಲಿ ಬಂದು ಬೀಳುತ್ತಿದ್ದ ಹಳೆಯ ಫ್ರಿಜ್, ಎಸಿಗಳ ಆಮದನ್ನು ಘಾನಾ ಕಾನೂನು ಮಾಡಿ ನಿಷೇಧಿಸಿತು. ಫ್ರಿಜ್‌ಗಳ ಮೇಲೆ 2013ರಿಂದ ಅದನ್ನು ಬಿಗಿಯಾಗಿ ಜಾರಿಗೆ ತಂದಿತು.

ಭಾರತದಲ್ಲಿ ಇದೇ ಕೆಲಸ ಮಾಡುತ್ತಿರುವುದು ಬಿಇಇಯ ನಕ್ಷತ್ರದ ಚೀಟಿ. 2006ರಲ್ಲಿ ಐಚ್ಛಿಕವಾಗಿ ಶುರುವಾಗಿ, 2010ರಲ್ಲಿ ಎಸಿ ಮತ್ತು ಫ್ರಾಸ್ಟ್–ಫ್ರೀ ಫ್ರಿಜ್‌ಗಳಿಗೆ ಕಡ್ಡಾಯವಾಯಿತು. ಇಲ್ಲಿ ಗ್ರಾಹಕರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ: ನಕ್ಷತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2010ರಲ್ಲಿ ಸ್ಪ್ಲಿಟ್ ಎಸಿಗೆ 5 ಸ್ಟಾರ್ ಸಿಗಲು ದಕ್ಷತೆಯ ಅಂಕ 3.1 ಇದ್ದರೆ ಸಾಕಿತ್ತು. 2022ರ ಜುಲೈಯಲ್ಲಿ ಅದು 5.0ಕ್ಕೆ ಏರಿತು. ನಡುವೆ ಅಳೆಯುವ ವಿಧಾನವೂ ಬದಲಾದ್ದರಿಂದ ಎರಡನ್ನೂ ನೇರ ಹೋಲಿಸಲಾಗದು, ಆದರೂ ಏರಿಕೆಯ ದಿಕ್ಕು ಸ್ಪಷ್ಟ. 2026ರ ಜನವರಿ 1ರಿಂದ ಪಟ್ಟಿ ಮತ್ತೆ ಬಿಗಿಯಾಗಿದೆ. ಅಂಗಡಿಯಲ್ಲಿ ‘5 ಸ್ಟಾರ್, ಹಳೇ ಸ್ಟಾಕ್, ಡಿಸ್ಕೌಂಟ್’ ಎಂದರೆ ಚೀಟಿಯ ಮೇಲಿನ ವರ್ಷ ನೋಡುವುದು ಒಳ್ಳೆಯದು. ಯುರೋಪಿನಲ್ಲಿ ಎಲ್ಲ ಕಂಪನಿಗಳೂ ಎ+++ ತಲುಪಿ ಲೇಬಲ್‌ಗೆ ಅರ್ಥವೇ ಇಲ್ಲದಂತಾದಾಗ, 2021ರಲ್ಲಿ ಪ್ಲಸ್‌ಗಳನ್ನು ಕಿತ್ತುಹಾಕಿ ಮತ್ತೆ ಎ–ಯಿಂದ ಜಿ–ಗೆ ಮರಳಿದರು.

ಬೊರಿವಲಿಯ ಲೆಕ್ಕ

ಒಂದೂವರೆ ಟನ್‌ನ ಎಸಿ ಎಂದಿಟ್ಟುಕೊಳ್ಳಿ. 2022ರ ಪಟ್ಟಿಯಲ್ಲಿ 3 ಸ್ಟಾರ್‌ಗೆ ಕನಿಷ್ಠ ಅಂಕ 3.8, 5 ಸ್ಟಾರ್‌ಗೆ 5.0. ಒಂದು 3 ಸ್ಟಾರ್ ಎಸಿಯ ಚೀಟಿಯಲ್ಲಿ ವರ್ಷಕ್ಕೆ 1,000 ಯೂನಿಟ್ ಎಂದಿದ್ದರೆ, ಅದೇ ತಂಪನ್ನು 5 ಸ್ಟಾರ್ ಎಸಿ ಸುಮಾರು 760 ಯೂನಿಟ್‌ನಲ್ಲಿ ಕೊಡುತ್ತದೆ. ಯೂನಿಟ್‌ಗೆ 10 ರೂ. ಎಂದು ಹಿಡಿದರೆ ವರ್ಷಕ್ಕೆ 2,400 ರೂ. ಉಳಿತಾಯ.

ಆದರೆ ಚೀಟಿಯ ಲೆಕ್ಕ ವರ್ಷಕ್ಕೆ 1,600 ಗಂಟೆ ಎಸಿ ಓಡುತ್ತದೆ ಎಂಬ ಅಂದಾಜಿನದು. ಮುಂಬೈಯ ಸೆಕೆ ಡಿಸೆಂಬರ್, ಜನವರಿ ಬಿಟ್ಟರೆ ಪೂರ್ತಿ ಬಿಡುವುದೇ ಇಲ್ಲ. ರಾತ್ರಿ ಎಂಟು ಗಂಟೆಯಂತೆ ಎಂಟು ತಿಂಗಳು ಓಡಿಸಿದರೆ 1,900 ಗಂಟೆ ದಾಟುತ್ತದೆ. ಹಾಗಾದಾಗ ಉಳಿತಾಯವೂ ಆ ಪ್ರಮಾಣದಲ್ಲೇ ಹೆಚ್ಚು. ಜತೆಗೆ ಮಹಾರಾಷ್ಟ್ರದ ದರ ಹಂತ ಹಂತವಾಗಿ ಏರುವುದರಿಂದ, ಎಸಿಯ ಯೂನಿಟ್‌ಗಳು ಬೀಳುವುದು ಅತಿ ದುಬಾರಿ ಹಂತದಲ್ಲೇ.

ಫ್ಯಾನ್ ವಿಷಯ ಇನ್ನೂ ಸರಳ, ಆದರೂ ಅದರ ಬಗ್ಗೆ ಜಾಹೀರಾತು ಕಡಿಮೆ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ಗಂಟೆ, ವರ್ಷದಲ್ಲಿ 300 ದಿನ ತಿರುಗಿದರೆ ಒಂದು ಫ್ಯಾನಿನಿಂದಲೇ 162 ಯೂನಿಟ್ ಉಳಿಯುತ್ತದೆ. ಮನೆಗೆ ಮೂರ್ನಾಲ್ಕು ಫ್ಯಾನ್ ಇರುತ್ತವೆ. ಫ್ಯಾನ್‌ಗೆ ಸ್ಟಾರ್ ಚೀಟಿ ಕಡ್ಡಾಯವಾದದ್ದು 2023ರ ಜನವರಿಯಲ್ಲಿ, ಎಸಿಗಿಂತ ಹದಿಮೂರು ವರ್ಷ ತಡವಾಗಿ. ಎಸಿ ಇಲ್ಲದ ಮನೆಗಳೇ ಹೆಚ್ಚಿರುವ ದೇಶದಲ್ಲಿ ಈ ಕ್ರಮ ತಿರುವುಮುರುವಾಗಬೇಕಿತ್ತು.

ಬಲ್ಬ್‌ನಲ್ಲಿ ಮಾತ್ರ ಭಾರತ ಬೇರೆಯವರಿಗೆ ಮಾದರಿಯಾಯಿತು. 2014ರಲ್ಲಿ ಸರ್ಕಾರಿ ಕಂಪನಿ ಇಇಎಸ್‌ಎಲ್ ಒಂದು ಎಲ್‌ಇಡಿ ಬಲ್ಬನ್ನು 310 ರೂ.ಗೆ ಖರೀದಿಸಿತ್ತು. ಕೋಟಿಗಟ್ಟಲೆ ಬಲ್ಬ್‌ಗೆ ಒಟ್ಟಿಗೆ ಟೆಂಡರ್ ಕರೆದದ್ದರಿಂದ ಮೂರು ವರ್ಷದೊಳಗೆ ಬೆಲೆ 40 ರೂ.ಗಿಂತ ಕೆಳಗಿಳಿಯಿತು. 2015ರ ಜನವರಿಯಲ್ಲಿ ಶುರುವಾದ ‘ಉಜಾಲಾ’ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಲಾಯಿತು. ಕರ್ನಾಟಕದಲ್ಲಿ ಇದೇ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದಿತ್ತು. ಮುಂಬೈಯಲ್ಲಿ ಮರೀನ್ ಡ್ರೈವ್‌ನ ಹಳದಿ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ, ‘ಕ್ವೀನ್ಸ್ ನೆಕ್ಲೇಸ್’ನ ಅಂದ ಕೆಟ್ಟಿತು ಎಂದು ದೊಡ್ಡ ಗಲಾಟೆಯಾಗಿ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಬಿಳಿಯ ಬದಲು ಹಳದಿ ಎಲ್‌ಇಡಿ ಹಾಕಿದರೂ ಕರೆಂಟ್ ಉಳಿಯುತ್ತದೆ ಎಂಬುದು ಆಮೇಲೆ ಹೊಳೆಯಿತು.

ಲೋಕಲ್ ರೈಲಿನಲ್ಲೂ ಸದ್ದಿಲ್ಲದೆ ಇಂಥದ್ದೇ ಬದಲಾವಣೆ ಆಗಿದೆ. ಪಶ್ಚಿಮ ರೈಲ್ವೆಯ ಚರ್ಚ್‌ಗೇಟ್–ವಿರಾರ್ ಮಾರ್ಗ 2012ರಲ್ಲಿ 1,500 ವೋಲ್ಟ್ ಡಿಸಿಯಿಂದ 25,000 ವೋಲ್ಟ್ ಎಸಿ ವಿದ್ಯುತ್‌ಗೆ ಪೂರ್ತಿ ಬದಲಾಯಿತು. ವೋಲ್ಟೇಜ್ ಹೆಚ್ಚಿದಷ್ಟೂ ತಂತಿಯಲ್ಲಿ ಪೋಲು ಕಡಿಮೆ. ಬೊರಿವಲಿಯಲ್ಲಿ ನಿಲ್ಲಲು ಬ್ರೇಕ್ ಹಾಕಿದ ಗಾಡಿಯ ಮೋಟಾರು ಆಗ ಜನರೇಟರಿನಂತೆ ತಿರುಗಿ, ಹಿಂದೆ ಬರುವ ಇನ್ನೊಂದು ಗಾಡಿಗೆ ಕರೆಂಟ್ ಮರಳಿಸುತ್ತದೆ.

ರಿಮೋಟ್‌ನಲ್ಲಿ 24

2020ರ ಜನವರಿಯಿಂದ ಭಾರತದಲ್ಲಿ ಮಾರುವ ಸ್ಟಾರ್ ಚೀಟಿಯ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಎಂದು ಬಿಇಇ ಹೇಳುತ್ತದೆ. ಬೇಕಾದವರು 18ಕ್ಕೆ ಇಳಿಸಿಕೊಳ್ಳಬಹುದು. 2025ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಖಟ್ಟರ್, ಇನ್ನು ಮುಂದೆ ಎಸಿಗಳನ್ನು 20ಕ್ಕಿಂತ ಕೆಳಗೆ, 28ಕ್ಕಿಂತ ಮೇಲೆ ಇಡಲಾಗದಂತೆ ನಿಯಮ ತರುವುದಾಗಿ ಪ್ರಕಟಿಸಿದಾಗ ಸೋಷಿಯಲ್ ಮೀಡಿಯಾದಲ್ಲಿ ನಗೆಯೂ ಸಿಟ್ಟೂ ಒಟ್ಟಿಗೆ ಹರಿದವು.

ಹೊರಗೆ ಇದು ಹೊಸತಲ್ಲ. ಜಪಾನ್ 2005ರಲ್ಲಿ ಬೇಸಿಗೆಗೆ ಆಫೀಸುಗಳಲ್ಲಿ 28 ಡಿಗ್ರಿ ಎಂದು ‘ಕೂಲ್ ಬಿಜ್’ ಆಂದೋಲನ ಮಾಡಿತು. ಕೋಟು, ಟೈ ಬಿಟ್ಟು ಬನ್ನಿ ಎಂದು ನೌಕರರಿಗೆ ಹೇಳಿ, ಪ್ರಧಾನಿ ಕೊಯಿಜುಮಿ ತಾವೇ ಟೈ ಇಲ್ಲದೆ ಕಾಣಿಸಿಕೊಂಡರು. ಉಕ್ರೇನ್ ಯುದ್ಧದಿಂದ ಗ್ಯಾಸ್ ದುಬಾರಿಯಾದ 2022ರಲ್ಲಿ, ಸ್ಪೇನ್ ಸಾರ್ವಜನಿಕ ಮತ್ತು ವಾಣಿಜ್ಯ ಕಟ್ಟಡಗಳಲ್ಲಿ ಎಸಿ 27ಕ್ಕಿಂತ ಕೆಳಗೆ ಇಳಿಸಬಾರದು ಎಂದು ಆದೇಶ ಹೊರಡಿಸಿತು.

ರಿಮೋಟ್‌ಗೆ ಮಿತಿ ಹಾಕಬಹುದು. ಆದರೆ ಮಧ್ಯಾಹ್ನವಿಡೀ ಪಶ್ಚಿಮದ ಬಿಸಿಲು ಹೀರಿದ ಗೋಡೆ ರಾತ್ರಿ ಹನ್ನೊಂದಕ್ಕೂ ಕೋಣೆಯೊಳಗೆ ಬಿಸಿ ಉಗುಳುತ್ತಿದ್ದರೆ, 24ರಲ್ಲಿಟ್ಟ ಎಸಿಯ ಕಂಪ್ರೆಸರಿಗೂ ಬಿಡುವಿರುವುದಿಲ್ಲ.

ಗೋಡೆ ಕಟ್ಟುವವರು ಒಬ್ಬರು, ಬಿಲ್ ಕಟ್ಟುವವರು ಇನ್ನೊಬ್ಬರು

ಮುಂಬೈಯ ಎಷ್ಟೋ ಹೊಸ ಟವರ್‌ಗಳು ಏಳುವುದು ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು. ಸೈಟಿನಲ್ಲಿ ಇದಕ್ಕೆ ‘ಮೈವಾನ್’ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗೋಡೆ ತೆಳ್ಳಗಿರುವುದರಿಂದ ಕಾರ್ಪೆಟ್ ಏರಿಯಾ ತುಸು ಹೆಚ್ಚು ಸಿಗುತ್ತದೆ, ಗಟ್ಟಿಯೂ ಹೌದು. ಆದರೆ ಎರಕದ ಕಾಂಕ್ರೀಟ್ ಶಾಖವನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿರುವ ಎಎಸಿ ಬ್ಲಾಕ್‌ನ ಗೋಡೆ ಬಿಡುವ ಶಾಖ ಅದರ ಸಣ್ಣ ಪಾಲಷ್ಟೇ. ಕಾಂಕ್ರೀಟ್ ಗೋಡೆಯೇ ಬೇಕೆಂದರೆ ಹೊರಗಿನಿಂದ ಶಾಖ ತಡೆಯುವ ಪದರ ಹಾಕಬಹುದು, ಕಿಟಕಿಗೆ ಸಜ್ಜಾ ಕೊಡಬಹುದು. ಅದಕ್ಕೆ ಖರ್ಚಿದೆ. ಆ ಖರ್ಚು ಬಿಲ್ಡರ್‌ನದು, ಉಳಿತಾಯ ಮನೆಯಲ್ಲಿ ಇರುವವರದು. ಮಾರುಕಟ್ಟೆ ಇದನ್ನು ತಾನಾಗಿ ಸರಿಪಡಿಸದಿರುವುದಕ್ಕೆ ಇದೇ ಕಾರಣ, ಸರ್ಕಾರ ನಡುವೆ ಬರಬೇಕಾಗುವುದೂ ಇದಕ್ಕೇ.

ಮಾಲೀಕ–ಬಾಡಿಗೆದಾರರ ನಡುವೆಯೂ ಇದೇ ತೊಡಕು. ಇಂಗ್ಲೆಂಡ್ ಮತ್ತು ವೇಲ್ಸ್ 2018ರಲ್ಲಿ, ಇಂಧನ ಪ್ರಮಾಣಪತ್ರದಲ್ಲಿ ಕನಿಷ್ಠ ‘ಇ’ ದರ್ಜೆ ಇಲ್ಲದ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ ಎಂದಿತು. ಫ್ರಾನ್ಸ್‌ನಲ್ಲಿ 2025ರ ಜನವರಿಯಿಂದ ಅತಿ ಕೆಳಗಿನ ‘ಜಿ’ ದರ್ಜೆಯ ಮನೆಗಳಿಗೆ ಈ ನಿರ್ಬಂಧ. ಐರೋಪ್ಯ ಒಕ್ಕೂಟದ 2024ರ ಕಟ್ಟಡ ಕಾನೂನು, ವಸತಿ ಕಟ್ಟಡಗಳ ಸರಾಸರಿ ಇಂಧನ ಬಳಕೆ 2030ಕ್ಕೆ 16% ಇಳಿಯಬೇಕು ಎನ್ನುತ್ತದೆ. ಅಲ್ಲಿನ ಚಿಂತೆ ಚಳಿ, ಇಲ್ಲಿನದು ಸೆಕೆ. ಮುಂಬೈಗೆ ಹತ್ತಿರದ ಹೋಲಿಕೆ ಸಿಂಗಾಪುರ. ಅದೇ ತೇವ, ಅದೇ ಟವರ್‌ಗಳು. ಅಲ್ಲಿ 2008ರಿಂದಲೇ 2,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಹೊಸ ಕಟ್ಟಡಗಳಿಗೆ ಕನಿಷ್ಠ ಹಸಿರು ಮಾನದಂಡ ಕಡ್ಡಾಯ.

ಭಾರತದಲ್ಲಿ ನಿಯಮ ಇಲ್ಲವೆಂದಲ್ಲ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಸತಿ ಕಟ್ಟಡಗಳಿಗೆಂದೇ ‘ಇಕೊ ನಿವಾಸ್ ಸಂಹಿತಾ’ ಪ್ರಕಟಿಸಿತು. 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಕಟ್ಟಡಗಳು ಇದರ ವ್ಯಾಪ್ತಿಗೆ ಬರುತ್ತವೆ. ಬೊರಿವಲಿಯ ರೀಡೆವಲಪ್‌ಮೆಂಟ್ ಟವರ್‌ಗಳಲ್ಲಿ ಹೆಚ್ಚಿನವು ಈ ಗಾತ್ರ ದಾಟುತ್ತವೆ. ಸಂಹಿತೆಯ ತಿರುಳು ಎರಡು ಸಂಖ್ಯೆಗಳಲ್ಲಿದೆ. ಒಂದು, ಗೋಡೆ–ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವಾಟ್ ಮೀರಬಾರದು. ಇದನ್ನು ಆರ್‌ಇಟಿವಿ ಎನ್ನುತ್ತಾರೆ. ಎರಡು, ಮುಂಬೈಯಂಥ ಸೆಕೆ–ತೇವದ ಊರಿನಲ್ಲಿ ತೆರೆಯಬಹುದಾದ ಕಿಟಕಿ, ಬಾಗಿಲುಗಳ ವಿಸ್ತೀರ್ಣ ಕಾರ್ಪೆಟ್ ಏರಿಯಾದ ಆರನೇ ಒಂದು ಭಾಗವಾದರೂ ಇರಬೇಕು. 650 ಚದರ ಅಡಿಯ ಫ್ಲ್ಯಾಟಿಗೆ ಸುಮಾರು 108 ಚದರ ಅಡಿ. ಎರಡು ಗಾಜಿನ ಸ್ಲೈಡಿಂಗ್ ಕಿಟಕಿ ಎಷ್ಟು ಅಗಲವಿದ್ದರೂ ತೆರೆಯುವುದು ಅರ್ಧವೇ. ಲೆಕ್ಕಕ್ಕೂ ಅರ್ಧವೇ ಸಿಗುತ್ತದೆ. ಬ್ರೋಶರ್‌ನಲ್ಲಿ ಗೋಡೆಯುದ್ದಕ್ಕೂ ಗಾಜು ಕಂಡು ಗಾಳಿ ಚೆನ್ನಾಗಿ ಬರುತ್ತದೆ ಎಂದುಕೊಂಡವರು ಗಮನಿಸಬೇಕಾದ ಮಾತಿದು.

ತೊಂದರೆ ಇರುವುದು ಜಾರಿಯಲ್ಲಿ. ಕೇಂದ್ರದ ಸಂಹಿತೆ ತಾನಾಗಿ ಜಾರಿಯಾಗುವುದಿಲ್ಲ. ರಾಜ್ಯ ಅಧಿಸೂಚನೆ ಹೊರಡಿಸಬೇಕು, ಮಹಾನಗರಪಾಲಿಕೆ ತನ್ನ ಕಟ್ಟಡ ನಿಯಮಗಳಲ್ಲಿ ಸೇರಿಸಬೇಕು, ನಕ್ಷೆ ಪಾಸ್ ಮಾಡುವ ಎಂಜಿನಿಯರ್ ಅದನ್ನು ಪರಿಶೀಲಿಸಬೇಕು. 2022ರಲ್ಲಿ ಸಂಸತ್ತು ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚು ಸಂಪರ್ಕ ಹೊರೆಯ ವಸತಿ ಕಟ್ಟಡಗಳನ್ನೂ ಕಾನೂನಿನ ಕೈಗೆ ಒಪ್ಪಿಸಿತು. ಲಿಫ್ಟ್, ನೀರಿನ ಪಂಪ್, ನೂರಾರು ಎಸಿ ಇರುವ ಟವರ್ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. 2023ರ ಜನವರಿ 1ರಿಂದ ತಿದ್ದುಪಡಿ ಜಾರಿಯಲ್ಲಿದೆ, ಆದರೆ ಅದನ್ನು ಸೈಟಿನ ತನಕ ತಲುಪಿಸುವ ಹೊಣೆ ಈಗಲೂ ರಾಜ್ಯಗಳದ್ದೇ. ರಾಜ್ಯಗಳು ನಿಧಾನವಾಗಿವೆ, ಟವರ್‌ಗಳು ನಿಧಾನವಾಗಿಲ್ಲ.

ಹೋಟೆಲ್ ನಡೆಸುವವರಿಗೆ ಇನ್ನೊಂದು ನಿಯಮ

ಕೇಂದ್ರ 2023ರಲ್ಲಿ ತಂದ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮದಂತೆ, 10 ಕಿಲೋವಾಟ್ ಮೀರಿದ ವಾಣಿಜ್ಯ ಗ್ರಾಹಕರಿಗೆ 2024ರ ಏಪ್ರಿಲ್‌ನಿಂದ ದಿನದ ಹೊತ್ತಿಗೆ ತಕ್ಕ ದರ. ಬಿಸಿಲಿನ ಗಂಟೆಗಳಲ್ಲಿ ಅಗ್ಗ, ಸಂಜೆಯ ಪೀಕ್‌ನಲ್ಲಿ ದುಬಾರಿ. ಎಷ್ಟು ಎಂಬುದನ್ನು ಗೊತ್ತುಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಬೊರಿವಲಿಯ ಉಡುಪಿ ಹೋಟೆಲ್‌ಗಳಲ್ಲಿ ಮರುದಿನದ ಇಡ್ಲಿ ಹಿಟ್ಟನ್ನು ಮಧ್ಯಾಹ್ನವೇ ರುಬ್ಬುವ ರೂಢಿ ಇದ್ದರೆ ಅವರು ಈಗಾಗಲೇ ಅಗ್ಗದ ಕರೆಂಟ್ ಬಳಸುತ್ತಿದ್ದಾರೆ. ಸಂಜೆ ಗಿರಾಕಿ ತುಂಬಿದಾಗಲೇ ಗ್ರೈಂಡರ್ ಹಚ್ಚುವವರು ಸಮಯ ಬದಲಿಸಿದರೆ ಹೊಸ ಯಂತ್ರ ಕೊಳ್ಳದೆಯೇ ಬಿಲ್ ಇಳಿಯುತ್ತದೆ.

ಸೊಸೈಟಿಯವರು ಯಾವಾಗ ಕೇಳಬೇಕು?

ಸರ್ಕಾರ ಕಡ್ಡಾಯ ಮಾಡುವ ತನಕ ಕಾಯಬೇಕೆಂದೇನಿಲ್ಲ. ರೀಡೆವಲಪ್‌ಮೆಂಟ್‌ನಲ್ಲಿ ಹಳೆಯ ಸದಸ್ಯರ ಕೈ ಮೇಲಿರುವುದು ಒಂದೇ ಹಂತದಲ್ಲಿ, ಟೆಂಡರ್ ಕರೆದು ಡೆವಲಪ್‌ಮೆಂಟ್ ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲು. ಸೊಸೈಟಿ ನೇಮಿಸಿಕೊಂಡ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್‌ಗೆ ಆಗಲೇ ಹೇಳಿ, ಮಾರ್ಬಲ್, ಟೈಲ್ಸ್, ನಲ್ಲಿಗಳ ಪಟ್ಟಿಯ ಜತೆಗೆ ಇನ್ನೊಂದಿಷ್ಟು ಸಾಲು ಸೇರಿಸಬಹುದು: ಕಟ್ಟಡದ ಆರ್‌ಇಟಿವಿ 15ರೊಳಗೆ ಇದೆ ಎಂಬ ಲೆಕ್ಕಪತ್ರ ಕೊಡಬೇಕು, ಪಶ್ಚಿಮ ಮತ್ತು ದಕ್ಷಿಣದ ಕಿಟಕಿಗಳಿಗೆ ಸಜ್ಜಾ ಇರಬೇಕು, ಬೆಡ್‌ರೂಮಿನ ಕಿಟಕಿ ಪೂರ್ತಿ ತೆರೆಯುವಂಥದ್ದಾಗಬೇಕು, ತಾರಸಿಗೆ ಶಾಖ ತಡೆಯುವ ಪದರ ಬೇಕು, ಪಂಪ್ ಮತ್ತು ಲಿಫ್ಟ್ ದಕ್ಷ ಮೋಟಾರಿನವಾಗಿರಬೇಕು. ಕೊನೆಯದ್ದು ತಿಂಗಳ ಮೇಂಟೆನೆನ್ಸ್‌ಗೆ ನೇರ ತಟ್ಟುವ ವಿಷಯ. ಆರ್‌ಇಟಿವಿ ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಬಿಇಇ ಉಚಿತವಾಗಿ ಕೊಡುತ್ತದೆ, ಆರ್ಕಿಟೆಕ್ಟ್‌ಗೆ ಇದು ದೊಡ್ಡ ಕೆಲಸವಲ್ಲ.

ಸಹಿ ಬಿದ್ದು, ಮಹಾನಗರಪಾಲಿಕೆಯಿಂದ ಐಒಡಿ ಕೈಗೆ ಬಂದ ಮೇಲೆ (ಕಟ್ಟಲು ಒಪ್ಪಿಗೆ ಕೊಡುವ ಈ ಕಾಗದದ ಹೆಸರು ಮುಂಬೈಯಲ್ಲಿ ವಿಚಿತ್ರವಾಗಿ ‘ಇಂಟಿಮೇಶನ್ ಆಫ್ ಡಿಸ್‌ಅಪ್ರೂವಲ್’) ಕಿಟಕಿಯ ಅಳತೆ ಬದಲಿಸುವುದೆಂದರೆ ತಿದ್ದಿದ ನಕ್ಷೆ, ಮತ್ತೆ ಶುಲ್ಕ, ಮತ್ತೆ ತಡ. ಅಲ್ಯೂಮಿನಿಯಂ ಅಚ್ಚು ತಯಾರಾಗಿ ಮೊದಲ ಸ್ಲ್ಯಾಬ್ ಬಿದ್ದರೆ ಮೇಲಿನ ಅಷ್ಟೂ ಮಹಡಿಗಳಿಗೆ ಅದೇ ಕಿಟಕಿ, ಅದೇ ಗೋಡೆ.